ನಾನು ಮಿಲಿಟರಿಯವನಲ್ಲ, ಹಡಗಿನವನು

ಹೋದ ಆಗಸ್ಟ್‌ನಲ್ಲಿ ರಜೆಗೆ ದಾವಣಗೆರೆಗೆ ಬಂದಿದ್ದೆ. ಸ್ವಾತಂತ್ರ್ಯ ದಿನದ ಸಂಜೆ ನಮ್ಮ ಬಡಾವಣೆಯಲ್ಲಿ ಒಂದು ಸನ್ಮಾನ ಇತ್ತು. "ನಮ್ಮ ಏರಿಯಾದ ಯೋಧರಿಗೆ ಗೌರವ" ಅಂತ ಬ್ಯಾನರ್ ಹಾಕಿದ್ದರು. ನಾನು ಊರಿಗೆ ಬರುವ ಮೊದಲೇ ಸಂಘದವರು ಮನೆಗೆ ಬಂದು, ಗೋಡೆಯ ಮೇಲಿದ್ದ ನನ್ನ ಬಿಳಿ ಸಮವಸ್ತ್ರದ ಫೋಟೊ ನೋಡಿ, ಅಪ್ಪಾಜಿಯ ಹತ್ತಿರ ನನ್ನ ಹೆಸರು ಬರೆದುಕೊಂಡು ಹೋಗಿದ್ದರು. ಕರೆದ ಮೇಲೆ ಹೋಗಬೇಕಲ್ವಾ, ಹೋದೆ. ವೇದಿಕೆಯ ಪಕ್ಕ ನಿರೂಪಣೆ ಮಾಡುವವರು ಪರಿಚಯ ಬರೆದುಕೊಳ್ಳಲು ಬಂದರು.

"ಸರ್, ತಮ್ದು ಯಾವ ರೆಜಿಮೆಂಟ್?"

"ರೆಜಿಮೆಂಟ್ ಇಲ್ಲ ರೀ. ನಾನು ಮರ್ಚೆಂಟ್ ನೇವಿ. ಸರಕು ಹಡಗಿನಲ್ಲಿ ಚೀಫ್ ಎಂಜಿನಿಯರ್ ಆಗಿದ್ದವನು."

"ಅಂದ್ರೆ ಪ್ರೈವೇಟಾ?"

ಹೌದು ಅಂದೆ. ಅವರು ಸಂಘದವರ ಹತ್ತಿರ ಹೋಗಿ ಏನೋ ಹೇಳಿದರು. ಅವರು ನನ್ನ ಕಡೆ ನೋಡಿದರು. ಹೆಸರು ಕರೆಯುವಾಗ ನನ್ನ ಹೆಸರು ಬರಲಿಲ್ಲ. ಆ ಶಾಲು, ಆ ಪೇಟ ಯೋಧರಿಗೆ ಸೇರಿದ್ದು, ಅದರಲ್ಲಿ ನನಗೆ ತಕರಾರಿಲ್ಲ. ಕರೆಯುವ ಮೊದಲೇ ಕೇಳಿದ್ದರೆ ನಾನೇ ಬೇಡ ಅನ್ನುತ್ತಿದ್ದೆ. ಆದರೆ ಆ "ಪ್ರೈವೇಟಾ" ಅನ್ನುವ ಮಾತು ಚುಚ್ಚಿತು. ಒಂದು ನಿಮಿಷದ ಹಿಂದೆ ಕೈ ಮುಗಿದು ಕುರ್ಚಿ ಹಾಕಿದವರು, ಒಂದು ನಿಮಿಷ ಆದಮೇಲೆ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಮನುಷ್ಯ ಅದೇ, ಸಮುದ್ರವೂ ಅದೇ.

ಎರಡು ವಾರ ಕಳೆದು ನಾನು ವಾಪಸ್ ಇಂಗ್ಲೆಂಡಿಗೆ ಬಂದೆ. ಸೌತ್ ಶೀಲ್ಡ್ಸ್ ಅಂತ ಊರು, ಟೈನ್ ನದಿ ಸಮುದ್ರ ಸೇರುವ ಕಡೆ. ಹಡಗಿನ ಪರೀಕ್ಷೆ ಬರೆಯಲು ಬಂದ ಭಾರತೀಯರಿಗೆಲ್ಲ ಈ ಊರು ಗೊತ್ತು, ಯಾಕಂದ್ರೆ 1861ರಿಂದ ಇಲ್ಲಿ ನಾವಿಕರ ಶಾಲೆ ಇದೆ. ನಾನೂ ಹಾಗೇ ಪರೀಕ್ಷೆಗೆ ಬಂದವನು. ಈಗ ಇಲ್ಲೇ ದಡದ ಮೇಲೆ ಸೂಪರಿಂಟೆಂಡೆಂಟ್ ಕೆಲಸ, ಹಡಗು ಬಂದರಿಗೆ ಬಂದಾಗ ಹತ್ತಿ ಎಂಜಿನ್ ನೋಡುವುದು. ಸೆಪ್ಟೆಂಬರ್ 3ಕ್ಕೆ ಮಿಲ್ ಡ್ಯಾಮ್ ಅನ್ನುವ ನದಿ ದಂಡೆಯಲ್ಲಿರುವ ಸ್ಮಾರಕದ ಹತ್ತಿರ ಜನ ಸೇರಿದ್ದರು. ಅದು ಮರ್ಚೆಂಟ್ ನೇವಿಯವರ ಸ್ಮಾರಕ, ಸೈನಿಕರದ್ದಲ್ಲ. ಸರಕು ಹಡಗುಗಳು ಹಾರಿಸುವ ಕೆಂಪು ಬಾವುಟ ಎತ್ತಿದ್ದರು. ನಾನು ಹಿಂದೆ ನಿಂತಿದ್ದೆ. ಪಕ್ಕದಲ್ಲಿದ್ದ ವಯಸ್ಸಾದ ಹೆಂಗಸು ನನ್ನ ಕೋಟಿನ ಮೇಲಿದ್ದ ಸಣ್ಣ ಪಿನ್ ನೋಡಿ ಕೇಳಿದರು: "ಡೆಕ್ಕಾ, ಎಂಜಿನ್ನಾ?"

ಹಡಗಿನಲ್ಲಿ ಎರಡು ಕಡೆಯ ಕೆಲಸ, ಮೇಲೆ ಹಡಗು ನಡೆಸುವ ಡೆಕ್ಕಿನವರು, ಕೆಳಗೆ ಎಂಜಿನ್ ನೋಡುವವರು. ಎಂಜಿನ್ ಅಂದೆ. "ನಮ್ಮಪ್ಪನೂ ಎಂಜಿನ್ ರೂಮಲ್ಲೇ ಇದ್ದರು. ಎಂಜಿನ್ ರೂಮಿನವರು ಕಡಿಮೆ ಜನ ಹೊರಗೆ ಬಂದರು" ಅಂದರು. ಅಷ್ಟೇ ಮಾತು. ಆಮೇಲೆ ಅವರು ತಮ್ಮ ಪಾಡಿಗೆ ಹೂವಿಟ್ಟು ಹೋದರು.

ಆ ಪ್ರಶ್ನೆ ನನ್ನನ್ನು ಇವತ್ತಿಗೂ ಬಿಟ್ಟಿಲ್ಲ. ನನ್ನ ಊರಿನಲ್ಲಿ ಇಷ್ಟು ವರ್ಷದಲ್ಲಿ ನೆಂಟರಾಗಲಿ, ಸ್ನೇಹಿತರಾಗಲಿ ಒಬ್ಬರೂ ನನ್ನನ್ನು ಡೆಕ್ಕಾ ಎಂಜಿನ್ನಾ ಅಂತ ಕೇಳಿಲ್ಲ. ಕೇಳುವುದು ಮೂರೇ. ಮಿಲಿಟರಿ ಕ್ಯಾಂಟೀನ್ ಕಾರ್ಡ್ ಇದೆಯಾ? ಟ್ಯಾಕ್ಸ್ ಇಲ್ವಂತೆ ಹೌದಾ? ಪಾಕಿಸ್ತಾನದ ಬಾರ್ಡರ್‌ಗೆ ಹೋಗಿದ್ದೀರಾ? ಕಾರ್ಡ್ ಇಲ್ಲ, ಬಾರ್ಡರ್‌ಗೆ ಹೋಗಿಲ್ಲ ಅಂದ ಕೂಡಲೇ ಮಾತು ಸಂಬಳದ ಕಡೆ ತಿರುಗುತ್ತದೆ.

ಸೆಪ್ಟೆಂಬರ್ 3 ಯಾಕೆ ಅಂತ ಹೇಳಬೇಕು. 1939ರ ಸೆಪ್ಟೆಂಬರ್ 3ಕ್ಕೆ ಬ್ರಿಟನ್ ಯುದ್ಧ ಘೋಷಿಸಿತು. ಅದೇ ದಿನ ಸಂಜೆ ಅಥೇನಿಯಾ ಅನ್ನುವ ಪ್ರಯಾಣಿಕರ ಹಡಗನ್ನು ಜರ್ಮನ್ ಸಬ್‌ಮರೀನ್ ಮುಳುಗಿಸಿತು. ನೂರಕ್ಕೂ ಹೆಚ್ಚು ಜನ ಸತ್ತರು. ಯುದ್ಧ ಶುರುವಾಗಿ ಇನ್ನೂ ಒಂದು ದಿನವೂ ಆಗಿರಲಿಲ್ಲ, ಆಗಲೇ ಬಂದೂಕು ಇಲ್ಲದ ಹಡಗಿನವರು ಹೋಗಿದ್ದರು. ಆಮೇಲೆ ಆರು ವರ್ಷ ಇದೇ ಕಥೆ. ಗೋಧಿ, ಪೆಟ್ರೋಲು, ಮದ್ದುಗುಂಡು, ಎಲ್ಲ ಸಾಗಿಸಿದವರು ಸಂಬಳಕ್ಕೆ ದುಡಿಯುವ ಸಾಮಾನ್ಯ ನಾವಿಕರು. ಲಂಡನ್ನಿನ ಟವರ್ ಹಿಲ್‌ನಲ್ಲಿ ಅವರ ಸ್ಮಾರಕ ಇದೆ. ಎರಡು ಮಹಾಯುದ್ಧಗಳಲ್ಲಿ ಸತ್ತು, ಸಮುದ್ರ ಬಿಟ್ಟರೆ ಬೇರೆ ಸಮಾಧಿ ಇಲ್ಲದ ಸುಮಾರು 36,000 ಜನರ ಹೆಸರು ಅಲ್ಲಿ ಕಂಚಿನ ಹಲಗೆಗಳ ಮೇಲಿದೆ. ಹಡಗಿನ ಹೆಸರು, ಅದರ ಕೆಳಗೆ ಅದರಲ್ಲಿದ್ದವರ ಹೆಸರು. ಕ್ಯಾಪ್ಟನ್ನಿಂದ ಹಿಡಿದು ಅಡುಗೆಯವನವರೆಗೆ.

ನಮ್ಮಲ್ಲಿ ಇಲ್ವಾ ಅಂದರೆ, ಇದೆ. ಅದೇ ನನ್ನ ಹೊಟ್ಟೆಯುರಿ. ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷ್ ಹಡಗುಗಳಲ್ಲಿ ಕೆಲಸ ಮಾಡುತ್ತಾ ಸತ್ತ ಭಾರತದ ನಾವಿಕರು ಸಾವಿರಾರು ಜನ. ಆಗ ಅವರನ್ನು ಲಾಸ್ಕರ್ ಅಂತ ಕರೆಯುತ್ತಿದ್ದರು. ಬಾಯ್ಲರಿಗೆ ಕಲ್ಲಿದ್ದಲು ಹಾಕುವವರು, ಎಣ್ಣೆ ಹಾಕುವವರು, ಡೆಕ್ ಉಜ್ಜುವವರು. ಅವರ ನೆನಪಿನ ಸ್ಮಾರಕ ಮುಂಬೈನ ಮಸ್ಜಿದ್ ಬಂದರ್ ಹತ್ತಿರ ನಾವಿಕರ ವಸತಿಗೃಹದಲ್ಲಿದೆ. ನಾನು ಮುಂಬೈಯಲ್ಲಿ ಪರೀಕ್ಷೆ ಬರೆಯುತ್ತಿದ್ದ ಕಾಲದಲ್ಲಿ ನೋಡಿದ್ದೇನೆ. ಅದರ ಬಗ್ಗೆ ನಮ್ಮ ಯಾವ ಪಠ್ಯಪುಸ್ತಕದಲ್ಲೂ ನಾನು ಓದಲಿಲ್ಲ.

ನಾನು ದಾವಣಗೆರೆಯಲ್ಲೇ ಮೆಕ್ಯಾನಿಕಲ್ ಎಂಜಿನಿಯರಿಂಗ್ ಮುಗಿಸಿ, ಹಡಗಿನ ಎಂಜಿನಿಯರ್ ಆಗಲು ಬೇಕಾದ ಒಂದು ವರ್ಷದ ಜಿಎಂಇ ಕೋರ್ಸ್ ಮಾಡಿ ಹಡಗು ಹತ್ತಿದವನು. ಕಡಲು ನೋಡದ ಊರು ನಮ್ಮದು. ನೀರು ಅಂದರೆ ನಮಗೆ ಭದ್ರಾ ನಾಲೆ, ಸೂಳೆಕೆರೆ, ಅಷ್ಟೇ. ಶಾಲೆಯ ಪ್ರವಾಸದಲ್ಲಿ ಕಾರವಾರಕ್ಕೆ ಹೋದ ಮಕ್ಕಳು ಅಲ್ಲಿ ದಡದ ಮೇಲಿಟ್ಟಿರುವ ಚಪಲ್ ಯುದ್ಧನೌಕೆ ನೋಡಿ ಬರುತ್ತಾರೆ. ಪಕ್ಕದಲ್ಲೇ ಬಂದರಿಗೆ ಬಂದ ಸರಕು ಹಡಗನ್ನು ಯಾರೂ ತೋರಿಸುವುದಿಲ್ಲ. ಅತ್ತ ಚಿತ್ರದುರ್ಗದ ಕಡೆ ಚಳ್ಳಕೆರೆ ಹತ್ತಿರ ಡಿಆರ್‌ಡಿಒದವರು ವಿಮಾನ ಪರೀಕ್ಷೆ ಮಾಡುವ ಜಾಗ 2017ರಲ್ಲಿ ಶುರುವಾಯಿತು. ಹಾಗಾಗಿ ರಕ್ಷಣಾ ಇಲಾಖೆ ಅಂದರೆ ನಮ್ಮ ಕಡೆ ಹುಡುಗರಿಗೆ ಈಗ ಚೆನ್ನಾಗಿ ಗೊತ್ತು. ಸೇನೆ ಗೊತ್ತು, ನೌಕಾಪಡೆ ಗೊತ್ತು, ಡ್ರೋನು ಗೊತ್ತು. ಆದರೆ ಅದೇ ಚಳ್ಳಕೆರೆಯ ಅಂಗಡಿಯಲ್ಲಿ ಪ್ಯಾಕೆಟ್ ಎಣ್ಣೆ ಕೊಂಡರೆ, ಅದು ತಾಳೆಯದ್ದೋ ಸೂರ್ಯಕಾಂತಿಯದ್ದೋ ಆಗಿದ್ದರೆ, ಹೆಚ್ಚಿನ ಪಾಲು ಇಂಡೋನೇಷ್ಯಾ, ಮಲೇಷ್ಯಾ, ರಷ್ಯಾ, ಉಕ್ರೇನ್ ಕಡೆಯಿಂದ ಹಡಗಿನಲ್ಲಿ ಬಂದದ್ದು.

ಪೊಟ್ಯಾಷ್ ಗೊಬ್ಬರದ ಮಾತು ಹೇಳುತ್ತೇನೆ, ಅದು ನನಗೆ ಹತ್ತಿರದ್ದು. ಭಾರತದಲ್ಲಿ ರೈತರು ಹಾಕುವ ಪೊಟ್ಯಾಷ್ ಹೆಚ್ಚುಕಮ್ಮಿ ಪೂರ್ತಿ ಹೊರಗಿನಿಂದ ಬರುತ್ತದೆ. ಕೆನಡಾ, ರಷ್ಯಾ, ಜೋರ್ಡಾನ್, ಇಸ್ರೇಲ್. ನಾನಿದ್ದ ಬಲ್ಕ್ ಕ್ಯಾರಿಯರ್ (ಸರಕನ್ನು ಮೂಟೆ ಕಟ್ಟದೆ ರಾಶಿಯಾಗಿ ಒಯ್ಯುವ ಹಡಗು) ಒಂದು ಸಲ ಅದನ್ನು ತುಂಬಿಕೊಂಡು ಹೊಸ ಮಂಗಳೂರು ಬಂದರಿಗೆ ಬಂತು. ಹೊಲದಲ್ಲಿ ಕೆಂಪಗೆ ಕಾಣುತ್ತದಲ್ಲ, ಅದೇ ಪುಡಿ. ಸರಕು ತುಂಬುವ ನಮ್ಮ ಹೋಲ್ಡಿನಲ್ಲಿ ಗುಡ್ಡದ ಹಾಗೆ ಬಿದ್ದಿತ್ತು. ಲಾರಿಗಳು ಸಾಲುಗಟ್ಟಿ ನಿಂತಿದ್ದವು. ನಮ್ಮ ದೊಡ್ಡಪ್ಪ ಭದ್ರಾ ಅಚ್ಚುಕಟ್ಟಿನಲ್ಲಿ ಭತ್ತ ಬೆಳೆಯುತ್ತಾರೆ. ಫೋನ್ ಮಾಡಿ "ದೊಡ್ಡಪ್ಪ, ಈ ಸಲ ನಿಮ್ಮ ಗದ್ದೆಗೆ ಹಾಕೋ ಗೊಬ್ಬರ ನಾನೇ ತಂದಿದ್ದೀನಿ" ಅಂದೆ. "ಹಂಗಾದ್ರೆ ನೀನು ಲಾರಿ ಡ್ರೈವರ್ ಇದ್ದಂಗೆ ಅನ್ನು" ಅಂದರು. ಲಾರಿ ಡ್ರೈವರ್ ಅನ್ನುವುದು ನನಗೆ ಬೈಗುಳವಲ್ಲ. ಅವರೂ ನಮ್ಮಂತೆಯೇ ಮನೆ ಬಿಟ್ಟು ದುಡಿಯುವವರು. ನನಗೆ ನೋವಾಗಿದ್ದು ದನಿಯಲ್ಲಿದ್ದ ನಿರಾಸೆ. ಅವರು ಊರಲ್ಲಿ ಎಲ್ಲರಿಗೂ "ನಮ್ಮ ಹುಡುಗ ನೇವಿಯಲ್ಲಿ ದೇಶ ಕಾಯ್ತಾನೆ" ಅಂತ ಹೇಳಿಕೊಂಡು ಬಂದಿದ್ದರು. ಗೊಬ್ಬರ ತರುವುದರಿಂದ ಅವರ ಹೆಮ್ಮೆ ಕಡಿಮೆಯಾಯಿತು.

ಮದುವೆಯ ವಿಷಯವೂ ಅಷ್ಟೆ. ಹೆಣ್ಣು ನೋಡಲು ಹೋದಾಗ "ಹುಡುಗ ನೇವಿ" ಅಂತ ನಮ್ಮ ಕಡೆಯವರು ಹೇಳಿರುತ್ತಿದ್ದರು. ಉಪ್ಪಿಟ್ಟು, ಕೇಸರಿಬಾತು ಮುಗಿಯುವಷ್ಟರಲ್ಲಿ ವಿಷಯ ಹೊರಗೆ ಬರುತ್ತಿತ್ತು. ಪಿಂಚಣಿ ಇಲ್ವಾ? ಕಾಂಟ್ರಾಕ್ಟ್ ಮುಗಿದಮೇಲೆ ಕೆಲಸದ ಗ್ಯಾರಂಟಿ ಏನು? ಹಡಗಿನವರು ಕುಡೀತಾರಂತಲ್ಲ? ಇದೇ ಮನೆಯವರು ಸೈನಿಕನಿಗೆ ಹೆಣ್ಣು ಕೊಡಲು ಬೇರೆ ಕಾರಣಕ್ಕೆ ಹಿಂದೆಮುಂದೆ ನೋಡಬಹುದು, ಆದರೆ ಅವನ ಕೆಲಸ ಏನು ಅಂತ ಅವನಿಗೇ ಪಾಠ ಮಾಡುವುದಿಲ್ಲ.

ಹೀಗೆ ನಮ್ಮೂರಲ್ಲಿ ಹಡಗಿನವನಿಗೆ ಮರ್ಯಾದೆ ಸಿಗುವುದು ಅವನನ್ನು ಸೈನಿಕ ಅಂದುಕೊಂಡಿರುವ ತನಕ ಮಾತ್ರ. ಇಲ್ಲಿ ಇಂಗ್ಲೆಂಡಿನಲ್ಲಿ ಅವನು ಸೈನಿಕ ಅಲ್ಲ ಅಂತ ಗೊತ್ತಿದ್ದೇ ಮರ್ಯಾದೆ ಕೊಡುತ್ತಾರೆ. ನನಗೆ ಎರಡನೆಯದು ಬೇಕು.

ಸೈನ್ಯಕ್ಕೂ ನಮಗೂ ಸಂಬಂಧ ಇಲ್ಲವಾ? ಇದೆ, ಬಹಳ ಇದೆ. ಅದು ಜನ ಅಂದುಕೊಂಡಿರುವ ಹಾಗೆ ಇಲ್ಲ. ನಮ್ಮ ಹಡಗಿನಲ್ಲಿ ಸೆಲ್ಯೂಟ್ ಇಲ್ಲ, ಬಂದೂಕು ಇಲ್ಲ. ನಾವು ಕಂಪನಿಯ ಜೊತೆ ನಾಲ್ಕು ತಿಂಗಳೋ, ಆರು ತಿಂಗಳೋ, ಒಂಬತ್ತು ತಿಂಗಳೋ ಕಾಂಟ್ರಾಕ್ಟ್ ಮಾಡಿಕೊಂಡು ಹೋಗುವವರು. ಹಡಗು ಪನಾಮಾದ್ದೋ ಲೈಬೀರಿಯಾದ್ದೋ ಬಾವುಟ ಹಾರಿಸುತ್ತಿರುತ್ತದೆ. ಮಾಲೀಕ ಗ್ರೀಕ್ ಇರಬಹುದು, ಕ್ಯಾಪ್ಟನ್ ಮಲಯಾಳಿ, ಡೆಕ್ ಕೆಲಸಗಾರರ ಮೇಸ್ತ್ರಿ, ಅಂದರೆ ಬೋಸನ್, ಫಿಲಿಪಿನೊ. ನಮ್ಮ ಕೈಯಲ್ಲಿರುವುದು ನಾವಿಕನ ಗುರುತಿನ ಸಿಡಿಸಿ ಪುಸ್ತಕ, ನಮ್ಮ ಮೇಲಿರುವುದು ಹಡಗು ಸಾಗಣೆ ನೋಡಿಕೊಳ್ಳುವ ಸರ್ಕಾರಿ ಕಚೇರಿ ಡಿಜಿ ಶಿಪ್ಪಿಂಗ್. ರಕ್ಷಣಾ ಇಲಾಖೆಗೂ ಇದಕ್ಕೂ ಸಂಬಂಧ ಇಲ್ಲ. ಆದರೆ ಸೊಮಾಲಿಯಾದ ಕಡಲ್ಗಳ್ಳರ ಕಾಟ ಇರುವ ಗಲ್ಫ್ ಆಫ್ ಏಡನ್ ದಾಟುವಾಗ ನೋಡಬೇಕು. ಡೆಕ್ಕಿನ ಸುತ್ತ ಮುಳ್ಳುತಂತಿ ಸುತ್ತುತ್ತೇವೆ. ಬೆಂಕಿ ಆರಿಸುವ ಪೈಪುಗಳನ್ನು ಹೊರಮುಖವಾಗಿ ಕಟ್ಟಿ ನೀರು ಹಾಯಿಸಲು ತಯಾರಿಡುತ್ತೇವೆ. ಕಳ್ಳರು ಹತ್ತಿಬಿಟ್ಟರೆ ಎಲ್ಲರೂ ಓಡಿಹೋಗಿ ಬೀಗ ಹಾಕಿಕೊಳ್ಳಲು ಒಂದು ಜಾಗ, ಸಿಟಡೆಲ್ ಅಂತೀವಿ, ಅದರೊಳಗೆ ನೀರು, ಬಿಸ್ಕತ್ತು, ಸ್ಯಾಟಲೈಟ್ ಫೋನ್. ಹದಿನೆಂಟು ನಾಟ್‌ಗಿಂತ (ನಾಟ್ ಅಂದರೆ ಹಡಗಿನ ವೇಗದ ಅಳತೆ) ವೇಗವಾಗಿ ಓಡುವ ಹಡಗಿಗೆ ಕಡಲ್ಗಳ್ಳರು ಹತ್ತುವುದು ಬಹಳ ಕಷ್ಟ. ನಮ್ಮ ತುಂಬಿದ ಬಲ್ಕ್ ಕ್ಯಾರಿಯರ್ ಓಡುವುದೇ ಹನ್ನೆರಡು, ಹದಿಮೂರು. ಆ ದಿನಗಳಲ್ಲಿ ಎಂಜಿನ್ ರೂಮಿನಲ್ಲಿ ನನ್ನ ಕೆಲಸ ಒಂದೇ, ಎಂಜಿನ್ ಯಾವ ಕಾರಣಕ್ಕೂ ನಿಲ್ಲಬಾರದು. ನಡುರಾತ್ರಿ ಹಡಗು ನಡೆಸುವ ಕೋಣೆ ಬ್ರಿಡ್ಜಿನಿಂದ ಫೋನ್ ಬಂದು "ಚೀಫ್ ಸಾಬ್, ರೇಡಿಯೊ ಚಾನಲ್ 16ರಲ್ಲಿ ಇಂಡಿಯನ್ ವಾರ್‌ಶಿಪ್ ಮಾತಾಡ್ತಾ ಇದೆ" ಅಂದರೆ ಎಷ್ಟು ನೆಮ್ಮದಿ ಅನ್ನುವುದನ್ನು ಮನೆಯಲ್ಲಿ ಕೂತು ಹೇಳಲು ಬರುವುದಿಲ್ಲ.

ಭಾರತದ ನೌಕಾಪಡೆ 2008ರ ಅಕ್ಟೋಬರ್‌ನಿಂದ ಆ ದಾರಿಯಲ್ಲಿ ಕಾವಲಿದೆ. 2018ರಲ್ಲಿ ಗುರುಗ್ರಾಮದಲ್ಲಿ ಒಂದು ಕೇಂದ್ರ ಮಾಡಿದರು, ಹಿಂದೂ ಮಹಾಸಾಗರದಲ್ಲಿ ಓಡಾಡುವ ಸರಕು ಹಡಗುಗಳ ಮೇಲೆ ಅಲ್ಲಿಂದ ಕಣ್ಣಿಡುತ್ತಾರೆ. 2023ರ ಡಿಸೆಂಬರ್‌ನಲ್ಲಿ ಕೆಮ್ ಪ್ಲೂಟೊ ಅನ್ನುವ ಟ್ಯಾಂಕರ್‌ಗೆ ಗುಜರಾತಿನ ಆಚೆ ಡ್ರೋನ್ ಬಡಿಯಿತು. ಅದು ಸೌದಿಯಿಂದ ನಮ್ಮ ಹೊಸ ಮಂಗಳೂರಿಗೇ ಬರುತ್ತಿದ್ದ ಹಡಗು. ಅದರಲ್ಲಿದ್ದವರು ಒಬ್ಬ ವಿಯೆಟ್ನಾಮಿನವನನ್ನು ಬಿಟ್ಟರೆ ಎಲ್ಲ ಭಾರತೀಯರು. ಕೋಸ್ಟ್ ಗಾರ್ಡ್‌ನವರು ಜೊತೆಗೆ ನಿಂತು ಮುಂಬೈಗೆ ಕರೆತಂದರು. ಮುಂದಿನ ತಿಂಗಳು ಮಾರ್ಲಿನ್ ಲುವಾಂಡಾ ಅನ್ನುವ ಟ್ಯಾಂಕರ್‌ಗೆ ಕ್ಷಿಪಣಿ ಬಿದ್ದು ಬೆಂಕಿ ಹತ್ತಿತು. ಅದರಲ್ಲಿ 22 ಜನ ಭಾರತೀಯರಿದ್ದರು. ವಿಶಾಖಪಟ್ಟಣಂ ಯುದ್ಧನೌಕೆಯವರು ಹೋಗಿ ಹಡಗಿನವರ ಜೊತೆ ಸೇರಿ ಬೆಂಕಿ ಆರಿಸಿದರು. ಸುದ್ದಿಯಲ್ಲಿ ಬಂದದ್ದು ಯುದ್ಧನೌಕೆಯ ಹೆಸರು. ಬರಬೇಕು, ತಪ್ಪಿಲ್ಲ. ಆದರೆ ಕ್ಷಿಪಣಿ ಬಿದ್ದ ಹಡಗನ್ನು ಬಿಟ್ಟು ಓಡದೆ ನಿಂತ ಆ 22 ಜನರ ಊರು ಯಾವುದು ಅಂತ ನಮ್ಮಲ್ಲಿ ಯಾರಾದರೂ ಕೇಳಿದರಾ?

ಇನ್ನೊಂದು ವಿಷಯ ನೆನಪಾದರೆ ಈಗಲೂ ಸಂಕಟ ಆಗುತ್ತದೆ. 2010ರಲ್ಲಿ ಆಸ್ಫಾಲ್ಟ್ ವೆಂಚರ್ ಅನ್ನುವ ಹಡಗನ್ನು ಸೊಮಾಲಿಯಾದ ಕಡಲ್ಗಳ್ಳರು ಹಿಡಿದರು. ಅದರಲ್ಲಿ ಇದ್ದವರು 15 ಜನ ಭಾರತೀಯರು. 2011ರಲ್ಲಿ ಹಣ ಕೊಟ್ಟ ಮೇಲೆ ಹಡಗು ಬಿಟ್ಟರು, ಎಂಟು ಜನರನ್ನು ಬಿಟ್ಟರು. ಏಳು ಜನರನ್ನು ಇಟ್ಟುಕೊಂಡರು. ಯಾಕೆ? ಭಾರತದ ನೌಕಾಪಡೆ ಅವರ ಕಡೆಯ ನೂರಕ್ಕೂ ಹೆಚ್ಚು ಜನರನ್ನು ಹಿಡಿದು ಜೈಲಿಗೆ ಹಾಕಿತ್ತು, ಅದಕ್ಕೆ ಸೇಡು. ಆ ಏಳು ಜನ ಬಿಡುಗಡೆ ಆಗಿದ್ದು 2014ರ ಅಕ್ಟೋಬರ್ ಕೊನೆಗೆ. ನಾಲ್ಕು ವರ್ಷ. ಸೈನ್ಯ ಮಾಡಿದ ಸರಿಯಾದ ಕೆಲಸಕ್ಕೆ ಬೆಲೆ ತೆತ್ತವರು ಸೈನಿಕರಲ್ಲದ ಈ ಏಳು ಜನ. "ಪ್ರೈವೇಟಾ" ಅಂತ ಕೇಳುವವರಿಗೆ ನಾನು ಹೇಳಬೇಕೆಂದಿರುವುದು ಇದನ್ನೇ. ಕಳ್ಳರಿಗೆ ಅವರು ಭಾರತೀಯರು ಅನ್ನುವುದು ಸಾಕಾಗಿತ್ತು. ನಮಗೆ ಸಾಕಾಗುವುದಿಲ್ಲ.

ಈ ಎರಡು ಕೆಲಸಗಳ ನಡುವೆ ಮೊದಲು ಇಷ್ಟು ದೊಡ್ಡ ಗೋಡೆ ಇರಲಿಲ್ಲ. ಸ್ವತಂತ್ರ ಭಾರತದ ನೌಕಾಪಡೆಗೆ ಮೊದಲ ಭಾರತೀಯ ಮುಖ್ಯಸ್ಥ ಆದವರು ಅಡ್ಮಿರಲ್ ರಾಮ್ ದಾಸ್ ಕಟಾರಿ, 1958ರಲ್ಲಿ. ಅವರು ಕಲಿತಿದ್ದು ಮುಂಬೈನ ಡಫರಿನ್ ಅನ್ನುವ ತರಬೇತಿ ಹಡಗಿನಲ್ಲಿ. ಅದು ಸರಕು ಹಡಗುಗಳಿಗೆ ಅಧಿಕಾರಿಗಳನ್ನು ತಯಾರು ಮಾಡಲು ಶುರುವಾದದ್ದು. ಅಂದರೆ ನಮ್ಮ ನೌಕಾಪಡೆಯ ಮೊದಲ ಭಾರತೀಯ ಮುಖ್ಯಸ್ಥರೇ ನಮ್ಮ ಶಾಲೆಯಿಂದ ಹೋದವರು. ಆ ಡಫರಿನ್ ಬದಲಿಗೆ ಆಮೇಲೆ ರಾಜೇಂದ್ರ ಅನ್ನುವ ತರಬೇತಿ ಹಡಗು ಬಂತು, ಈಗ ನವಿ ಮುಂಬೈನ ಚಾಣಕ್ಯ ತರಬೇತಿ ಸಂಸ್ಥೆ. ಇದನ್ನು ಊರಲ್ಲಿ ಹೇಳಿದರೆ "ಹೌದಾ!" ಅಂತಾರೆ, ಮರೆತುಬಿಡುತ್ತಾರೆ.

ಬ್ರಿಟನ್ನಿನಲ್ಲಿ ಗೋಡೆ ಇನ್ನೂ ತೆಳು. ಇಲ್ಲಿ ರಾಯಲ್ ಫ್ಲೀಟ್ ಆಕ್ಸಿಲಿಯರಿ ಅಂತ ಇದೆ. ಯುದ್ಧನೌಕೆಗಳಿಗೆ ಎಣ್ಣೆ, ಆಹಾರ, ಮದ್ದುಗುಂಡು ಒದಗಿಸುವ ಹಡಗುಗಳು, ನಡೆಸುವವರು ನಮ್ಮ ಥರದ ಸಿವಿಲಿಯನ್ ನಾವಿಕರು. ಅಮೆರಿಕದಲ್ಲೂ ಅಂಥದ್ದೇ ವ್ಯವಸ್ಥೆ ಇದೆ. ನಮ್ಮಲ್ಲಿ ದೀಪಕ್, ಶಕ್ತಿಯಂಥ ಟ್ಯಾಂಕರ್‌ಗಳನ್ನು ನೌಕಾಪಡೆಯೇ ನಡೆಸುತ್ತದೆ. 1982ರಲ್ಲಿ ಅರ್ಜೆಂಟೀನಾ ಜೊತೆ ನಡೆದ ಫಾಕ್‌ಲ್ಯಾಂಡ್ ಯುದ್ಧದಲ್ಲಿ ಬ್ರಿಟಿಷ್ ಸರ್ಕಾರ ಸರಕು ಹಡಗುಗಳನ್ನು, ಪ್ರಯಾಣಿಕರ ಹಡಗುಗಳನ್ನು ಯುದ್ಧದ ಕೆಲಸಕ್ಕೆ ತೆಗೆದುಕೊಂಡು ಹೋಯಿತು. ಅಟ್ಲಾಂಟಿಕ್ ಕನ್ವೇಯರ್ ಅನ್ನುವ ಕಂಟೇನರ್ ಹಡಗಿಗೆ ಕ್ಷಿಪಣಿ ಬಡಿದು 12 ಜನ ಸತ್ತರು, ಅದರ ಕ್ಯಾಪ್ಟನ್ ಕೂಡ. ನಾನು ಕೆಲಸ ಮಾಡುವ ಆಫೀಸಿನ ಹಿರಿಯರೊಬ್ಬರು ಆಗ ಜೂನಿಯರ್ ಎಂಜಿನಿಯರ್ ಆಗಿ ಅಂಥದ್ದೇ ಒಂದು ಹಡಗಿನಲ್ಲಿ ಹೋಗಿದ್ದರು. ಅವರ ಮೆಡಲ್ ಅವರ ಮೇಜಿನ ಡ್ರಾಯರ್‌ನಲ್ಲಿದೆ. ಕೇಳಿದರೆ ಎಂಜಿನ್ನಿನ ಬಗ್ಗೆ ಜಾಸ್ತಿ ಹೇಳುತ್ತಾರೆ, ಯುದ್ಧದ ಬಗ್ಗೆ ಕಡಿಮೆ.

ಗೊತ್ತಿಲ್ಲದಿರುವುದರಿಂದ ಬರೀ ನನ್ನಂಥವನಿಗೆ ಬೇಜಾರಾಗಿ ಮುಗಿಯುವುದಾಗಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ಹುಡುಗರು ಮೋಸ ಹೋಗುತ್ತಿದ್ದಾರೆ. ಹರಿಹರದ ಕಡೆಯ ಒಬ್ಬ ಹುಡುಗ, ಗೆಳೆಯನ ತಮ್ಮ, ಒಬ್ಬ ಏಜೆಂಟ್‌ಗೆ ಲಕ್ಷಗಟ್ಟಲೆ ಕೊಟ್ಟ. ಅಪ್ಪ ಹೊಲ ಅಡ ಇಟ್ಟಿದ್ದರು. ಏಜೆಂಟ್ ತೋರಿಸಿದ್ದು ಬಿಳಿ ಯೂನಿಫಾರ್ಮ್ ಹಾಕಿದವರು ಪರೇಡ್ ಮಾಡುವ ಫೋಟೊ. ಮನೆಯವರು ಇದು ಸರ್ಕಾರಿ ನೇವಿ ನೌಕರಿ ಅಂತಲೇ ನಂಬಿದ್ದರು. ಸರ್ಕಾರಿ ಕೆಲಸಕ್ಕೆ "ಒಳಗಿಂದ" ಕೊಡಬೇಕು ಅಂದರೆ ನಮ್ಮ ಕಡೆ ಯಾರೂ ಅನುಮಾನ ಪಡುವುದಿಲ್ಲ ನೋಡಿ. ಹುಡುಗನನ್ನು ಇರಾನಿನ ಕಡೆ ಒಂದು ಹಳೇ ಸಣ್ಣ ಹಡಗಿಗೆ ಹತ್ತಿಸಿದರು. ಸಂಬಳ ಇಲ್ಲ, ಊಟ ಸರಿ ಇಲ್ಲ. ಬಹಳ ಒದ್ದಾಡಿ ವಾಪಸ್ ಬಂದ. ಹಡಗಿಗೆ ಜನ ಕಳಿಸುವ ಏಜೆಂಟ್‌ಗೆ ಡಿಜಿ ಶಿಪ್ಪಿಂಗ್ ಕೊಟ್ಟ ಆರ್‌ಪಿಎಸ್‌ಎಲ್ ಲೈಸೆನ್ಸ್ ಇರಬೇಕು, ಆ ಪಟ್ಟಿ ಯಾರು ಬೇಕಾದರೂ ನೋಡಬಹುದು, ಕೆಲಸ ಕೊಡಿಸಲು ನಾವಿಕನ ಹತ್ತಿರ ಹಣ ತೆಗೆದುಕೊಳ್ಳುವುದೇ ತಪ್ಪು. ಮಂಗಳೂರಿನಲ್ಲೋ ಕೊಚ್ಚಿಯಲ್ಲೋ ಇದ್ದಿದ್ದರೆ ಪಕ್ಕದ ಮನೆಯ ಹಡಗಿನವನು ಈ ಮಾತು ಹೇಳುತ್ತಿದ್ದ. ನಮ್ಮ ಕಡೆ ಪಕ್ಕದ ಮನೆಯಲ್ಲಿ ಹಡಗಿನವನಿಲ್ಲ.

ಕೊರೊನಾ ಕಾಲದಲ್ಲೂ ಹೀಗೇ ಆಯಿತು. 2020ರಲ್ಲಿ ಪ್ರಪಂಚದಾದ್ಯಂತ ಸುಮಾರು ನಾಲ್ಕು ಲಕ್ಷ ನಾವಿಕರು ಕಾಂಟ್ರಾಕ್ಟ್ ಮುಗಿದರೂ ಇಳಿಯಲಾಗದೆ ಹಡಗಿನಲ್ಲೇ ಸಿಕ್ಕಿಕೊಂಡರು. ನಾನೂ ಒಬ್ಬ. ಬಂದರಿಗೆ ಹೋದರೂ ಗ್ಯಾಂಗ್‌ವೇ, ಅಂದರೆ ಹಡಗಿನ ಏಣಿ, ಇಳಿಯುವ ಹಾಗಿಲ್ಲ. ಅತ್ತ ತಂಗಿಯ ಸೀಮಂತ ಆಯಿತು, ಮಗು ಹುಟ್ಟಿತು, ತೊಟ್ಟಿಲಿಗೆ ಹಾಕಿದರು, ಎಲ್ಲ ಫೋನಿನಲ್ಲಿ ನೋಡಿದೆ. ಅಮ್ಮ ಪ್ರತಿ ಸಲ ಒಂದೇ ಮಾತು: "ಮಿಲಿಟರಿಯವ್ರಾಗಿದ್ರೆ ಸರ್ಕಾರದೋರು ಕರ್ಕಂಡು ಬರ್ತಿದ್ರೇನಪ್ಪ." ಅಮ್ಮನ ಮಾತಿಗೆ ಏನು ಹೇಳಲಿ. ಆ ದಿನಗಳಲ್ಲಿ ಊರಿನ ಔಷಧಿ ಅಂಗಡಿ, ಪೆಟ್ರೋಲ್ ಬಂಕ್ ಖಾಲಿಯಾಗದೆ ಇದ್ದದ್ದರಲ್ಲಿ ಹಡಗಿನಲ್ಲಿ ಸಿಕ್ಕಿಕೊಂಡ ಆ ಜನರ ಪಾಲೂ ಇತ್ತು ಅಂತ ಹೇಳಿದೆ. ಅಮ್ಮನಿಗೆ ಮಗ ಬರುವುದು ಬೇಕಿತ್ತು, ಪೆಟ್ರೋಲ್ ಅಲ್ಲ.

ಇಷ್ಟೆಲ್ಲ ಬರೆದ ಮೇಲೆ ಕೆಲವು ಮಾತು ಒಪ್ಪಿಕೊಳ್ಳಲೇಬೇಕು.

ಸೈನಿಕನಿಗೂ ನನಗೂ ಒಂದು ದೊಡ್ಡ ವ್ಯತ್ಯಾಸ ಇದೆ. ಯುದ್ಧದ ಅಪಾಯ ಇರುವ ಜಾಗಕ್ಕೆ ಹಡಗು ಹೋಗುವುದಾದರೆ, ಯೂನಿಯನ್ ಒಪ್ಪಂದ ಇರುವ ಹಡಗುಗಳಲ್ಲಿ ನಾನು ಬರಲ್ಲ ಅನ್ನಬಹುದು. ಕಂಪನಿ ಖರ್ಚಿನಲ್ಲಿ ಇಳಿಸಬೇಕು. ಹೋದರೆ ಅಷ್ಟು ದಿನಕ್ಕೆ ಮೂಲ ಸಂಬಳ ಎರಡರಷ್ಟು. ಎಷ್ಟೋ ಹುಡುಗರು ಇಲ್ಲ ಅನ್ನಲು ಹೆದರುತ್ತಾರೆ, ಮುಂದಿನ ಕಾಂಟ್ರಾಕ್ಟ್ ಸಿಗಲ್ಲ ಅಂತ, ಅದು ಬೇರೆ ಮಾತು. ಆದರೂ ಕಾಗದದ ಮೇಲೆ ಆ ಹಕ್ಕು ನನಗಿದೆ. ಸಿಯಾಚಿನ್‌ನಲ್ಲಿ ನಿಂತವನಿಗೆ ಇಲ್ಲ. ಅವನ ಸಂಬಳವೂ ನನ್ನಷ್ಟಿಲ್ಲ. ಅವನಿಗೆ ಪೇಟ ತೊಡಿಸುವುದು ಸರಿಯೇ.

ಇಂಗ್ಲೆಂಡಿನ ಬಗ್ಗೆಯೂ ಹೇಳಬೇಕು. ಇವರಿಗೆ ಈ ಮರ್ಯಾದೆ ಮೊದಲಿಂದ ಇರಲಿಲ್ಲ. ಯುದ್ಧದ ಮೊದಲ ವರ್ಷಗಳಲ್ಲಿ, 1941ರ ತನಕ, ಹಡಗು ಮುಳುಗಿದ ದಿನವೇ ನಾವಿಕನ ಸಂಬಳ ನಿಲ್ಲುತ್ತಿತ್ತು. ಲೈಫ್‌ಬೋಟಿನಲ್ಲಿ ಕೂತು ಸಾವಿನ ಜೊತೆ ಹೋರಾಡಿದ ದಿನಗಳಿಗೆ ಕಾಸಿಲ್ಲ. ಸೆಪ್ಟೆಂಬರ್ 3ನ್ನು ಮರ್ಚೆಂಟ್ ನೇವಿ ದಿನ ಅಂತ ಮಾಡಿದ್ದೇ 2000ದಲ್ಲಿ. ಅಮೆರಿಕ ತನ್ನ ಯುದ್ಧಕಾಲದ ನಾವಿಕರನ್ನು ಮಾಜಿ ಯೋಧರು ಅಂತ ಒಪ್ಪಿಕೊಂಡಿದ್ದು 1988ರಲ್ಲಿ. ಆ ಹೊತ್ತಿಗೆ ಎಷ್ಟೋ ಜನ ತೀರಿಹೋಗಿದ್ದರು. ನಾನು ಹೂವಿಡುವುದನ್ನು ನೋಡಿದ ಮಿಲ್ ಡ್ಯಾಮ್ ಇದೆಯಲ್ಲ, ಅದೇ ಜಾಗದಲ್ಲಿ 1930ರಲ್ಲಿ ಯೆಮೆನ್ ಮೂಲದ ನಾವಿಕರು ಕೆಲಸದ ವಿಷಯಕ್ಕೆ ಪೊಲೀಸರ ಜೊತೆ ಬಡಿದಾಡಿ, ಜೈಲಿಗೆ ಹೋಗಿ, ಗಡೀಪಾರಾದರು. ನಮ್ಮ ಲಾಸ್ಕರ್‌ಗಳಿಗೆ ಬಿಳಿಯ ನಾವಿಕರ ಸಂಬಳದ ಒಂದು ಸಣ್ಣ ಪಾಲು ಕೊಡುತ್ತಿದ್ದರು, ಮಲಗುವ ಜಾಗವೂ ಕಡಿಮೆ. ಈಗಲೂ ನೋಡಿ, 2022ರ ಮಾರ್ಚ್‌ನಲ್ಲಿ ಇಲ್ಲಿನ ಒಂದು ಫೆರಿ ಕಂಪನಿ ಸುಮಾರು 800 ನಾವಿಕರನ್ನು ಒಂದೇ ದಿನ ವಿಡಿಯೊ ಸಂದೇಶದಲ್ಲಿ ಕೆಲಸದಿಂದ ತೆಗೆದು, ಕಡಿಮೆ ಸಂಬಳದ ಏಜೆನ್ಸಿಯವರನ್ನು ತಂದಿತು. ತಂದವರಲ್ಲಿ ಭಾರತೀಯರೂ ಇದ್ದರು. ಬಾವುಟ ಎತ್ತುವುದು ಸುಲಭ, ಬದುಕಿರುವವನಿಗೆ ಸಂಬಳ ಕೊಡುವುದು ಕಷ್ಟ ಅಂತ ಇಲ್ಲಿನ ಯೂನಿಯನ್ನಿನವರೇ ಸಿಟ್ಟಿನಿಂದ ಹೇಳುತ್ತಾರೆ. ಅದನ್ನು ಅಲ್ಲಗಳೆಯಲು ನನಗೆ ಆಗುವುದಿಲ್ಲ.

ಮತ್ತೆ ನಮ್ಮೂರಿನ ಆ ಸಂಜೆಯಲ್ಲಿ ಇನ್ನೊಂದು ನಡೆದಿತ್ತು. ಸನ್ಮಾನ ಮಾಡಿಸಿಕೊಂಡವರಲ್ಲಿ ಜಗಳೂರಿನ ಕಡೆಯ ನಿವೃತ್ತ ಸುಬೇದಾರರೊಬ್ಬರು ಇದ್ದರು. ಕಾರ್ಯಕ್ರಮ ಮುಗಿದ ಮೇಲೆ ನನ್ನನ್ನು ಹುಡುಕಿಕೊಂಡು ಬಂದರು. "ಬರ್ರಿ, ಮಂಡಕ್ಕಿ ಮೆಣಸಿನಕಾಯಿ ತಿನ್ನಾಣ" ಅಂತ ಕರೆದುಕೊಂಡು ಹೋದರು. ಶ್ರೀಲಂಕಾದ ಶಾಂತಿಪಾಲನೆಗೆ ಹೋಗಿದ್ದವರು ಅವರು. "ನಾವು ಹಡಗಲ್ಲೇ ಹೋಗಿದ್ದು ಸರ್. ಬರೇ ವಾಂತಿ. ಹಡಗಿನ ಹುಡುಗ್ರು ಚಹಾ ಕೊಟ್ರು, ನಿಂಬೆಹಣ್ಣು ಕೊಟ್ರು. ಅವ್ರ ಹೆಸ್ರು ಕೇಳ್ಲಿಲ್ಲ ನಾವು, ಇವತ್ತು ಜ್ಞಾಪಕ ಬಂತು" ಅಂದರು. ಆಮೇಲೆ ಎಂಜಿನ್ ರೂಮಿನ ಬಿಸಿ ಎಷ್ಟು, ನಿದ್ದೆ ಹೇಗೆ, ಊಟ ಯಾರು ಮಾಡುತ್ತಾರೆ, ಯಾರಾದರೂ ಸತ್ತರೆ ಹೆಣ ಏನು ಮಾಡುತ್ತೀರಿ, ಎಲ್ಲ ಕೇಳಿದರು. ಡೆಕ್ಕಾ ಎಂಜಿನ್ನಾ ಅಂತ ಕೇಳಲಿಲ್ಲ ನಿಜ, ಆದರೆ ಅದಕ್ಕಿಂತ ಜಾಸ್ತಿ ಕೇಳಿದರು. ಸೈನಿಕನಿಗೆ ಅರ್ಥವಾಯಿತು. ಅರ್ಥವಾಗದೆ ಇದ್ದದ್ದು ಸೈನಿಕನನ್ನು ವೇದಿಕೆಯ ಮೇಲೆ ಮಾತ್ರ ನೋಡುವ ನಮ್ಮ ಉಳಿದ ಜನರಿಗೆ.

ಈಗ ನನ್ನ ಅಕ್ಕನ ಮಗ ಪಿಯುಸಿಯಲ್ಲಿದ್ದಾನೆ. ಹಡಗಿಗೆ ಹೋಗಬೇಕು ಅಂತ ಹಟ. ಮನೆಯಲ್ಲಿ ಅಷ್ಟಿದ್ದರೆ ಎನ್‌ಡಿಎ ಬರಿ, ಹೆಸರಾದ್ರೂ ಬರುತ್ತೆ ಅಂತ ಭಾವ ಹೇಳುತ್ತಿದ್ದಾರೆ. ಎನ್‌ಡಿಎ, ಅಂದರೆ ಸೇನೆಯ ಅಧಿಕಾರಿ ಆಗುವ ಪರೀಕ್ಷೆ, ಬೇಕಾದರೆ ಬರೆಯಲಿ, ಒಳ್ಳೆಯದೇ. ಆದರೆ ಅದು ಬೇರೆ ಬದುಕು, ಇದು ಬೇರೆ ಬದುಕು ಅಂತ ಗೊತ್ತಿದ್ದು ಬರೆಯಲಿ ಅಂದೆ. ಭಾವ ಇನ್ನೂ ಒಪ್ಪಿಲ್ಲ.

ಅವನ ಥರದ ಹುಡುಗ ಹುಡುಗಿಯರು ದಾವಣಗೆರೆ, ಚಿತ್ರದುರ್ಗದಲ್ಲಿ ಇನ್ನೂ ಇದ್ದಾರೆ ಅಂತ ನನಗೆ ಗೊತ್ತು, ಮೆಸೇಜ್ ಮಾಡುತ್ತಿರುತ್ತಾರೆ. ಅವರಿಗೆ ಇಷ್ಟು ಹೇಳುತ್ತೇನೆ. ಪಿಯುಸಿಯಲ್ಲಿ ಫಿಸಿಕ್ಸ್, ಕೆಮಿಸ್ಟ್ರಿ, ಗಣಿತ ಸೇರಿ ನೂರಕ್ಕೆ 60, ಇಂಗ್ಲಿಷ್‌ನಲ್ಲಿ ಎಸ್ಸೆಸ್ಸೆಲ್ಸಿಯಲ್ಲೋ ಪಿಯುಸಿಯಲ್ಲೋ 50 ಇರಬೇಕು. ಇಂಡಿಯನ್ ಮ್ಯಾರಿಟೈಮ್ ಯೂನಿವರ್ಸಿಟಿಯದೇ ಆದ ಪ್ರವೇಶ ಪರೀಕ್ಷೆ (ಅದಕ್ಕೂ ಸಿಇಟಿ ಅಂತಲೇ ಹೆಸರು) ಬರೆಯಬೇಕು. ಬಣ್ಣಗುರುಡು ಇದ್ದರೆ ಆಗುವುದಿಲ್ಲ, ಅದನ್ನು ಫೀಸು ಕಟ್ಟುವ ಮೊದಲೇ ಪರೀಕ್ಷೆ ಮಾಡಿಸಿ. ಮೆಕ್ಯಾನಿಕಲ್ ಓದಿದವರು ನನ್ನ ಹಾಗೆ ಜಿಎಂಇ ಮಾಡಬಹುದು. ಏಜೆಂಟ್ ದುಡ್ಡು ಕೇಳಿದರೆ ಎದ್ದು ಬನ್ನಿ.

ಏಪ್ರಿಲ್ 5 ನಮ್ಮ ರಾಷ್ಟ್ರೀಯ ಸಾಗರಯಾನ ದಿನ. 1919ರಲ್ಲಿ ಅದೇ ದಿನ ಭಾರತೀಯ ಕಂಪನಿಯ ಲಾಯಲ್ಟಿ ಹಡಗು ಮುಂಬೈಯಿಂದ ಲಂಡನ್‌ಗೆ ಹೊರಟಿತು, ಬ್ರಿಟಿಷ್ ಕಂಪನಿಗಳ ಎದುರು ನಿಂತು. 1964ರಿಂದ ಆ ದಿನ ಆಚರಿಸುತ್ತಾರೆ, ಬಂದರು ಇರುವ ಊರುಗಳಲ್ಲಿ. ಮುಂದಿನ ವರ್ಷ ಆ ವಾರ ನಾನು ಊರಲ್ಲಿರುತ್ತೇನೆ. ದಾವಣಗೆರೆಯ, ಚಿತ್ರದುರ್ಗದ ಯಾವುದೇ ಪಿಯು ಕಾಲೇಜಿನವರು ಒಂದು ಗಂಟೆ ಕೊಟ್ಟರೆ ಬಂದು ಮಾತಾಡುತ್ತೇನೆ, ಸುಬೇದಾರರೂ ಜೊತೆಗೆ ಬರುತ್ತೇನೆ ಅಂದಿದ್ದಾರೆ. ಶಾಲು, ಹಾರ ಏನೂ ಬೇಡ. ಒಂದು ಪ್ರೊಜೆಕ್ಟರ್ ಇದ್ದರೆ ಸಾಕು, ಎಂಜಿನ್ ರೂಮಿನ ವಿಡಿಯೊ ತೋರಿಸಬೇಕು.